ಟೆಸ್ಟ್‌ನಲ್ಲಿ ಎರಡು ಗೆರೆ, ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ

ಪ್ರಶ್ನೆ: ತಂಗಿಗೆ ಮುಟ್ಟು ತಪ್ಪಿ ಎರಡು ವಾರ. ಟೆಸ್ಟ್‌ನಲ್ಲಿ ಎರಡು ಗೆರೆ ಬಂದಿವೆ. ಸ್ವಲ್ಪ ಕಂದು ರಕ್ತಸ್ರಾವ, ಬಲಗಡೆ ಕಿಬ್ಬೊಟ್ಟೆ ನೋವು. ಸ್ಕ್ಯಾನಿಂಗ್‌ನಲ್ಲಿ ಗರ್ಭಚೀಲ ಕಂಡಿಲ್ಲ. ಅವ್ವ ‘ಉಷ್ಣ ಆಗೇತಿ, ಎಳನೀರು ಕುಡಸು’ ಅಂತಾಳೆ. ಕಾಯಬಹುದೇ?
– ಓದುಗರು, ಜಮಖಂಡಿ

ಉತ್ತರ: ಇದು ಉಷ್ಣದ ಮಾತಲ್ಲ, ಕಾಯಬೇಡಿ. ಗೆರೆಗಳು ಗರ್ಭ ನಿಂತಿದೆ ಎನ್ನುತ್ತವೆ, ಎಲ್ಲಿ ಎಂದು ಹೇಳುವುದಿಲ್ಲ. ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿದ್ದರೆ ಚೀಲ ಕಾಣದೆ ಹೋಗಿರಬಹುದು. ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ 6 ವಾರಕ್ಕೆ ಸಾಮಾನ್ಯವಾಗಿ ಕಾಣುತ್ತದೆ. ಇವತ್ತೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಗರ್ಭದ ಹಾರ್ಮೋನ್ ಅಳೆಯುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯನ್ನು 48 ಗಂಟೆಯ ನಂತರ ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸುತ್ತಾರೆ. ಆರಂಭದ ಸಹಜ ಗರ್ಭದಲ್ಲಿ ಅಂಕಿ ಅಷ್ಟರಲ್ಲಿ ಸಾಮಾನ್ಯವಾಗಿ ಮೊದಲಿನದರ ಅರ್ಧದಷ್ಟಾದರೂ ಏರುತ್ತದೆ. ನಿಧಾನಕ್ಕೆ ಏರಿದರೆ ಗರ್ಭಕೋಶಕ್ಕೆ ಬರದೆ ಗರ್ಭನಾಳದಲ್ಲೇ ಗರ್ಭ ನಿಂತಿರುವ ಅನುಮಾನ. ಸರಿಯಾಗಿ ಏರಿದರೂ ಸ್ಕ್ಯಾನ್ ತಪ್ಪಿಸುವಂತಿಲ್ಲ. ನಾಳ ಒಡೆಯುವ ಮೊದಲೇ ಗೊತ್ತಾದರೆ ಕೆಲವರಿಗೆ ಆ ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಚುಚ್ಚುಮದ್ದೇ ಸಾಕಾಗುತ್ತದೆ.

ತಲೆಸುತ್ತು, ತಣ್ಣನೆಯ ಬೆವರು, ಜೋರು ನೋವು ಬಂದರೆ 108ಕ್ಕೆ ಕರೆ ಮಾಡಿ. ಭುಜದ ತುದಿ ನೋಯುವುದೂ ಅಪಾಯವೇ: ಒಳಗೆ ಸೋರಿದ ರಕ್ತ ವಪೆಯನ್ನು (ಎದೆ-ಹೊಟ್ಟೆ ನಡುವಿನ ಪರದೆ) ಕೆರಳಿಸಿರುತ್ತದೆ. ಹೊರಗೆ ರಕ್ತ ಕಡಿಮೆ ಎಂದು ಮೋಸಹೋಗಬೇಡಿ. ಆಪರೇಷನ್, ರಕ್ತದ ವ್ಯವಸ್ಥೆ ಎರಡೂ ಇರುವ ಆಸ್ಪತ್ರೆಗೇ ಒಯ್ಯಿರಿ. ದಾರಿಯಲ್ಲಿ ಎಳನೀರೂ ಬೇಡ. ರಕ್ತದ ಗುಂಪಿನ ಚೀಟಿ ಜೊತೆಗಿರಲಿ, ಗುಂಪು ನೆಗೆಟಿವ್ ಇದ್ದರೆ, ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ಕೇಳಿ.