ಗೋಣಿಚೀಲದ ಚಿತ್ರ ಬಿರುಕು ಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ: ಹಳೆಯ ಗೋಣಿಚೀಲ, ಮರದ ಹೊಟ್ಟು, ಮರಳು ಬಳಸಿ ಕ್ಯಾನ್‌ವಾಸ್ ಮೇಲೆ ಅಮೂರ್ತ ಚಿತ್ರ ಮಾಡಿದ್ದೆ. ಉಬ್ಬುತಗ್ಗಿಗೆ ಗೋಡೆಯ ಪುಟ್ಟಿ, ಅಂಟಿಸಲು ಮೈದಾ ಗೋಂದು ಹಾಕಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಪುಟ್ಟಿ ಉದುರುತ್ತಿದೆ, ಗೋಣಿಗೆ ಬೂಷ್ಟು ಹಿಡಿದಿದೆ. ಸರಿಪಡಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬಾಗುವ ಕ್ಯಾನ್‌ವಾಸಿಗೂ ಬಾಗದ ಪುಟ್ಟಿಗೂ ಹೊಂದುವುದಿಲ್ಲ. ಗಾಳಿಯ ತೇವ ಏರಿಳಿದಂತೆ ಬಟ್ಟೆ ಸಡಿಲವಾಗುತ್ತದೆ, ಬಿಗಿಯುತ್ತದೆ; ಮೇಲೆ ಕೂತ ಪುಟ್ಟಿ ಸೀಳುತ್ತದೆ. ಉದುರುತ್ತಿರುವುದನ್ನು ಉಳಿಸುವ ಆಸೆ ಬಿಡಿ. ಗೋಣಿಯನ್ನು ಬಿಡಿಸಿಕೊಂಡು ಮತ್ತೆ ಬಳಸಿ.

ಈ ಸಲ ಹಲಗೆಯ ಮೇಲೆ ಮಾಡಿ. ಗುಜರಿಗೆ ಹೋಗಲಿರುವ ಕಪಾಟಿನ ಪ್ಲೈವುಡ್ ಬಾಗಿಲು ಸಾಕು, ಗೆದ್ದಲು ಹಿಡಿದಿರಬಾರದು ಅಷ್ಟೆ. ಮರಳು ಕಾಗದದಿಂದ ಉಜ್ಜಿ, ಎರಡೂ ಬದಿಗೆ ಅಕ್ರಿಲಿಕ್ ಪ್ರೈಮರ್ ಬಳಿಯಿರಿ. ಒಂದೇ ಬದಿಗೆ ಬಳಿದರೆ ಹಲಗೆ ಡೊಂಕಾಗಬಹುದು. ಪುಟ್ಟಿಯ ಬದಲು ಅಕ್ರಿಲಿಕ್ ಮೀಡಿಯಮ್‌ಗೆ (ಬಣ್ಣ ಬೆರೆಸದ, ಅಂಟಿನಂಥ ಅಕ್ರಿಲಿಕ್ ದ್ರವ) ಅಮೃತಶಿಲೆಯ ಪುಡಿಯನ್ನು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಕಲಸುವಾಗ ಮಾಸ್ಕ್ ಇರಲೇಬೇಕು. ಪದರ ಎರಡು-ಮೂರು ಮಿಲಿಮೀಟರ್ ಮೀರದಿರಲಿ, ಒಂದು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಕಡಲ ತೀರದ ಮರಳಾದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಉಳಿದ ಉಪ್ಪು ತೇವವನ್ನು ಎಳೆಯುತ್ತದೆ. ಮರದ ಹೊಟ್ಟು ಕಾಲಕ್ರಮೇಣ ಕಂದು ಬಣ್ಣಕ್ಕೆ ತಿರುಗುವುದರಿಂದ ತಿಳಿಬಣ್ಣದ ಜಾಗಕ್ಕೆ ಬೇಡ.

ಬೂಷ್ಟಿಗೆ ಮುಖ್ಯ ಕಾರಣ ಮೈದಾ ಗೋಂದು. ಪಿಷ್ಟವಿದ್ದಲ್ಲಿ ಬೂಷ್ಟೂ ಬರುತ್ತದೆ, ಹುಳುವೂ ಬರುತ್ತದೆ. ಒಣಗಿದ ಗೋಣಿಯನ್ನು ಮನೆಯ ಹೊರಗೆ ಕೊಡವಿ, ಸೋಪಿನ ನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಆಮೇಲೆ ಮೀಡಿಯಮ್ಮನ್ನೇ ಎರಡೂ ಬದಿಗೆ ಬಳಿದು ಅಂಟಿಸಿ. ಹರಿದ ಅಂಚಿನಲ್ಲಿ ಬಿಚ್ಚಿಕೊಂಡ ಎಳೆಗಳನ್ನು ಕತ್ತರಿಸಬೇಡಿ. ಬೆರಳಿನಿಂದ ಬೇಕಾದ ದಿಕ್ಕಿಗೆ ಎಳೆದು ಕೂರಿಸಿದರೆ ಅವೇ ನಿಮ್ಮ ರೇಖೆಗಳಾಗುತ್ತವೆ. ತೈಲವರ್ಣವನ್ನು ಬರಿಯ ಗೋಣಿಗೆ ಹಚ್ಚಬಾರದು, ಎಣ್ಣೆ ನಾರನ್ನು ಪೆಡಸಾಗಿಸುತ್ತದೆ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಗೋಣಿಯನ್ನು ಬಣ್ಣದಡಿ ಹೂಳಬೇಡಿ. ಇಟಲಿಯ ಕಲಾವಿದ ಆಲ್ಬರ್ಟೊ ಬುರ್ರಿ ಮೊದಲು ವೈದ್ಯರಾಗಿದ್ದವರು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ಅಮೆರಿಕದ ಟೆಕ್ಸಾಸ್‌ನ ಶಿಬಿರದಲ್ಲಿದ್ದಾಗ ಚಿತ್ರ ಬರೆಯತೊಡಗಿದರು. 1950ರ ದಶಕದಲ್ಲಿ ಅವರು ಮಾಡಿದ ಗೋಣಿಯ ಕೃತಿಗಳಲ್ಲಿ ತೂತು, ತೇಪೆ, ಒರಟು ಹೊಲಿಗೆ ಎಲ್ಲವೂ ಬಯಲಲ್ಲೇ ಇವೆ. ಬಣ್ಣ ಅಲ್ಲಲ್ಲಿ ಮಾತ್ರ. ಹಳೆಯ ಚೀಲ ಸವೆದು ಪಡೆದ ಬಣ್ಣವನ್ನು ಯಾವ ಟ್ಯೂಬೂ ಕೊಡುವುದಿಲ್ಲ. ಬಣ್ಣ ಹಚ್ಚುವ ಮೊದಲು ತುಂಡುಗಳನ್ನು ಹಲಗೆಯ ಮೇಲೆ ಸುಮ್ಮನೆ ಜೋಡಿಸಿ, ಅತ್ತಿತ್ತ ಸರಿಸಿ, ಕೆಲವು ದಿನ ನೋಡಿ.

ತೂಗುಹಾಕುವಾಗ ಮಳೆ ಹೊಡೆಯುವ ಗೋಡೆ ಬೇಡ. ಹಿಂಬದಿಯ ನಾಲ್ಕು ಮೂಲೆಗೂ ಬಿರಡೆಯ ಚೂರು ಅಂಟಿಸಿದರೆ ಗಾಳಿಯಾಡುತ್ತದೆ.