ಓದುಗರ ಪ್ರಶ್ನೆ: ರಾಜತಾಂತ್ರಿಕರು ಯುದ್ಧಭೂಮಿಯ ಕೆಲಸಕ್ಕೆ ಒಗ್ಗುತ್ತಾರೆಯೇ?

ಪ್ರಶ್ನೆ: ನಮ್ಮ ಕನ್ನಡ ಬಳಗದ ಕೂಟದಲ್ಲಿ ಒಬ್ಬರು, ಇಡೀ ವೃತ್ತಿಜೀವನವನ್ನು ರಾಯಭಾರ ಕಚೇರಿಗಳಲ್ಲಿ ಕಳೆಯುವ ಅಧಿಕಾರಿಗಳು ಸಂಘರ್ಷ ನಡೆಯುವ ಪ್ರದೇಶಗಳ ಕೆಲಸಕ್ಕೆ ಒಗ್ಗುವುದಿಲ್ಲ, ಅಲ್ಲಿಗೆ ರೆಡ್‌ಕ್ರಾಸ್‌ನವರೋ ನಿವೃತ್ತ ಸೈನಿಕರೋ ಹೋಗುವುದೇ ಸರಿ ಎಂದು ವಾದಿಸಿದರು. 1990ರಲ್ಲಿ ಕುವೈತ್‌ನಿಂದ ಮರಳಿ ಬಂದ ನನ್ನ ಭಾವ ಇದನ್ನು ಒಪ್ಪಲಿಲ್ಲ. ತಮ್ಮ ಅಭಿಪ್ರಾಯವೇನು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಭಾವನವರು ಒಪ್ಪದಿರುವುದಕ್ಕೆ ಬಲವಾದ ಕಾರಣವಿದೆ. ಆ ವರ್ಷ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತರಲಾಯಿತು. ಅವರಲ್ಲಿ ನಮ್ಮ ಕರಾವಳಿಯವರೂ ಬಹಳ ಮಂದಿ ಇದ್ದರು. ಹೆಚ್ಚಿನವರು ಬಸ್ಸುಗಳಲ್ಲಿ ಇರಾಕನ್ನು ದಾಟಿ, ಜೋರ್ಡಾನ್ ಗಡಿಯ ಮರಳುಗಾಡಿನ ಡೇರೆಗಳಲ್ಲಿ ಸರದಿಗಾಗಿ ಕಾದು, ಅಮ್ಮಾನ್‌ನಿಂದ ಮುಂಬಯಿಗೆ ಬಂದಿಳಿದರು. ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ನಡೆಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಪಾಸ್‌ಪೋರ್ಟು ಮಾಲೀಕನ ಕಪಾಟಿನಲ್ಲೇ ಉಳಿದುಹೋದ ಕೂಲಿಕಾರನೊಬ್ಬ ಎರಡು ದೇಶಗಳ ಗಡಿ ದಾಟಬೇಕಾದರೆ ಅವನ ಕೈಯಲ್ಲಿ ಒಂದು ತುರ್ತು ಪ್ರಯಾಣ ಪತ್ರವಿರಬೇಕು, ಅದಕ್ಕೆ ಮೊಹರು ಬೀಳಬೇಕು, ಬಾಗ್ದಾದ್ ಮತ್ತು ಅಮ್ಮಾನ್ ಎರಡೂ ಸರಕಾರಗಳು ಆ ಮೊಹರನ್ನು ಒಪ್ಪಬೇಕು. ಈ ಕೆಲಸ ರೆಡ್‌ಕ್ರಾಸ್‌ನದೂ ಅಲ್ಲ, ಸೈನಿಕನದೂ ಅಲ್ಲ.

ಮಾತುಕತೆಯಿಂದ ದಾರಿ ತೆರೆಯಬೇಕಾದಲ್ಲೆಲ್ಲ ರಾಜತಾಂತ್ರಿಕನೇ ಮುಂದೆ ನಿಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 1999ರ ಡಿಸೆಂಬರ್‌ನಲ್ಲಿ ಅಪಹೃತವಾದ ನಮ್ಮ ವಿಮಾನ ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿ ನಿಂತಿದ್ದಾಗ, ತಾಲಿಬಾನ್ ಆಡಳಿತಕ್ಕೆ ಭಾರತದ ಮಾನ್ಯತೆಯೇ ಇರಲಿಲ್ಲ. ಆಗ ಇಸ್ಲಾಮಾಬಾದ್‌ನ ನಮ್ಮ ಹೈಕಮಿಷನ್‌ನಲ್ಲಿದ್ದ ಎ. ಆರ್. ಘನಶ್ಯಾಮ್ ಭಾರತದ ಅಧಿಕಾರಿಗಳಲ್ಲಿ ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪಿದರು. ಆಮೇಲೆ ಬಂದ ತಂಡದ ಮುಂದಾಳಾದ ವಿವೇಕ್ ಕಾಟ್ಜು ಕೂಡ ವಿದೇಶಾಂಗ ಸೇವೆಯವರೇ. 1987ರಲ್ಲಿ ಕೊಲಂಬೊದಿಂದ ಜಾಫ್ನಾಕ್ಕೆ ಹೋಗಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ನಾಯಕ ಪ್ರಭಾಕರನ್ ಜೊತೆ ಮಾತನಾಡಿದ ಹರ್‌ದೀಪ್ ಸಿಂಗ್ ಪುರಿ ಅಂದು ಹೈಕಮಿಷನ್‌ನ ಕಿರಿಯ ಅಧಿಕಾರಿ. ಆದರೂ ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಶಾಂತಿಪಾಲನಾ ಪಡೆ ಎಲ್‌ಟಿಟಿಇ ವಿರುದ್ಧವೇ ಯುದ್ಧಕ್ಕೆ ಇಳಿಯಬೇಕಾಯಿತು. ನಾಯಕನೊಡನೆ ಕುಳಿತು ಮಾತನಾಡಬಲ್ಲವನಿಗೆ ಊರಿನ ನಾಡಿಮಿಡಿತವೂ ಸಿಕ್ಕಿದೆ ಎಂದು ದೆಹಲಿ ನಂಬಬಾರದು.

ನಿಮ್ಮ ಬಳಗದವರ ಆಕ್ಷೇಪಕ್ಕೆ ಬಲ ಬರುವುದು ಇಲ್ಲಿಯೇ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಜತಾಂತ್ರಿಕನು ಆ ದೇಶದ ಸರಕಾರದ ಬಳಿಗೆ ಕಳುಹಿಸಲ್ಪಟ್ಟವನು. ಅಧಿಕೃತ ವ್ಯವಹಾರವನ್ನು ವಿದೇಶಾಂಗ ಸಚಿವಾಲಯದ ಅಥವಾ ಒಪ್ಪಿಕೊಂಡ ಬೇರೆ ಸಚಿವಾಲಯದ ಮೂಲಕ ನಡೆಸಬೇಕು, ಆಂತರಿಕ ವಿಚಾರಗಳಲ್ಲಿ ತಲೆಹಾಕಕೂಡದು. ಬಂಡುಕೋರರ ಹಿಡಿತದಲ್ಲಿರುವ ಹಳ್ಳಿಗೆ ಅವನು ಹೋಗಿ ಗಾಯಾಳುಗಳ ಲೆಕ್ಕ ಬರೆದುಕೊಂಡರೆ ಸರಕಾರ ಅವನನ್ನು ಹೊರಗಟ್ಟಬಹುದು, ಬಂಡುಕೋರರು ಗೂಢಚಾರನೆಂದು ಹಿಡಿಯಬಹುದು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪ್ರತಿನಿಧಿ ಎರಡೂ ಕಡೆಯವರೊಡನೆ ಮಾತನಾಡಲೆಂದೇ, ಯಾರ ಪಕ್ಷವನ್ನೂ ವಹಿಸದಿರುವ ನಿಯಮದಡಿ ಹೋಗುತ್ತಾನೆ. ಹೀಗಾಗಿ ಪರಿಹಾರ ಹಂಚುವುದು, ಕೈದಿಗಳನ್ನು ಕಾಣುವುದು, ಸಾಕ್ಷ್ಯ ಸಂಗ್ರಹಿಸುವುದು ಎಂಥ ಧೈರ್ಯಶಾಲಿ ರಾಜತಾಂತ್ರಿಕನಿಗೂ ಹೊಂದುವ ಕೆಲಸಗಳಲ್ಲ.

ಇನ್ನು ಭದ್ರತೆಯ ಗೋಡೆ. 1983ರಲ್ಲಿ ಬೈರೂತ್‌ನ ಅಮೆರಿಕನ್ ರಾಯಭಾರ ಕಚೇರಿ ಸ್ಫೋಟಗೊಂಡು 63 ಮಂದಿ ಸತ್ತ ನಂತರದ ವರ್ಷಗಳಲ್ಲಿ ಆ ದೇಶದ ಕಚೇರಿಗಳು ಕೋಟೆಗಳಾಗತೊಡಗಿದವು. ಕ್ರಿಸ್ಟೋಫರ್ ಸ್ಟೀವನ್ಸ್ ಅಮೆರಿಕದ ವೃತ್ತಿಪರ ರಾಜತಾಂತ್ರಿಕ, ಅರಬ್ಬಿ ಬಲ್ಲವರು, 2011ರಲ್ಲಿ ಸರಕು ಹಡಗಿನಲ್ಲಿ ಲಿಬಿಯಾದ ಬೆಂಗಾಜಿಗೆ ಹೋಗಿ ಇಳಿದವರು. ಅಂಥವರು 2012ರ ಸೆಪ್ಟೆಂಬರ್ 11ರಂದು ಅದೇ ಊರಿನಲ್ಲಿ ಹತರಾದಾಗ, ಗೋಡೆ ಇನ್ನಷ್ಟು ಎತ್ತರಿಸಬೇಕೆಂಬ ವಾದವೇ ಗೆದ್ದಿತು. ಅವರ ಸಾವನ್ನು ಗೌರವಿಸುತ್ತಲೇ ಹೇಳುತ್ತೇನೆ, ಅದು ತಪ್ಪು ಪಾಠ. ಹೊರಗೆ ಹೋಗಲು ಅನುಮತಿಯೇ ಇಲ್ಲದ ಅಧಿಕಾರಿಯನ್ನು ಕಂಡು ‘ಇವನಿಗೆ ಕ್ಷೇತ್ರದ ಅರಿವಿಲ್ಲ’ ಎನ್ನುವುದು ಅನ್ಯಾಯ.

ನಮ್ಮ ಅನುಭವದಲ್ಲಿ ಉಕ್ರೇನಿನ ಖಾರ್ಕಿವ್ ಪ್ರಸಂಗವನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅಲ್ಲಿ ಶೆಲ್ ದಾಳಿಗೆ ಬಲಿಯಾದ. ಮರುದಿನ ರಾಯಭಾರ ಕಚೇರಿ, ಸಂಜೆ ಆರರೊಳಗೆ ನಗರ ಬಿಟ್ಟು ಪೆಸೋಚಿನ್, ಬಾಬಾಯಿ, ಬೆಜ್ಲ್ಯುದೋವ್ಕಾ ತಲುಪಿರಿ, ವಾಹನ ಸಿಗದಿದ್ದರೆ ನಡೆದೇ ಹೊರಡಿ ಎಂದು ಸೂಚನೆ ಹೊರಡಿಸಿತು. ಆ ಸ್ಥಳಗಳು ಹತ್ತು ಕಿಲೋಮೀಟರಿಗೂ ದೂರ. ರಷ್ಯಾದ ಕಡೆಯಿಂದ ಬಂದ ಮಾಹಿತಿಯ ಮೇಲೆ ಸೂಚನೆ ಕೊಟ್ಟೆವೆಂದು ಸರಕಾರ ಹೇಳಿತು. ದಾಳಿ ನಡೆಸುತ್ತಿರುವ ದೇಶದಿಂದಲೇ ಅಂಥ ಮಾಹಿತಿ ಪಡೆಯುವುದು ರಾಜತಾಂತ್ರಿಕರಿಗೆ ಮಾತ್ರ ಸಾಧ್ಯ. ಆದರೆ ಭಾರತಕ್ಕೆ ಉಕ್ರೇನಿನಲ್ಲಿದ್ದದ್ದು ಕೀವ್‌ನ ರಾಯಭಾರ ಕಚೇರಿಯೊಂದೇ. ಹಿಮದಲ್ಲಿ ನಡೆಯುತ್ತಿದ್ದ ಮಕ್ಕಳಿಗೆ ಯಾವ ರಸ್ತೆ ಸುರಕ್ಷಿತ ಎಂದು ಹೇಳಬಲ್ಲವರು ಖಾರ್ಕಿವ್‌ನಲ್ಲೇ ಇರಬೇಕಿತ್ತು. ಆರು ದಿನಗಳ ಬಳಿಕ ಸುಮಿ ನಗರದ 694 ವಿದ್ಯಾರ್ಥಿಗಳು ಬಸ್ಸುಗಳಲ್ಲಿ ಪೊಲ್ತಾವಾಕ್ಕೆ ಹೊರಟಾಗ, ಮೇಲ್ಮಟ್ಟದಲ್ಲಿ ಎರಡೂ ದೇಶಗಳೊಡನೆ ಮಾತುಕತೆ ನಡೆದಿತ್ತು, ಪೊಲ್ತಾವಾದಲ್ಲಿ ನಮ್ಮ ಅಧಿಕಾರಿಗಳ ತಂಡವೂ ಇತ್ತು. ಈ ಎರಡೂ ಕೂಡಿಬಂದದ್ದರಿಂದಲೇ ಆ ಮಕ್ಕಳು ಹೊರಬಂದರು.

ಆದ್ದರಿಂದ ಅಪಾಯದ ಠಾಣೆಗಳಿಗೆ, ಇಚ್ಛೆಪಟ್ಟು ಮುಂದೆ ಬರುವ, ಆ ನೆಲದ ಭಾಷೆ ಬಲ್ಲ ಅಧಿಕಾರಿಗಳನ್ನು ಹೆಚ್ಚು ಕಾಲ ಇರಿಸಬೇಕೆಂಬುದು ನನ್ನ ಕೋರಿಕೆ. ಪರಿಚಯಗಳು ಕುದುರುವ ಹೊತ್ತಿಗೆ ವರ್ಗಾವಣೆಯಾದರೆ ಎಂಥ ಜಾಣನಿಂದಲೂ ಪ್ರಯೋಜನವಿಲ್ಲ. ಸ್ಥಳೀಯವಾಗಿ ನೇಮಕಗೊಂಡ ದುಭಾಷಿಗಳು, ಚಾಲಕರು, ಗುಮಾಸ್ತರ ವಿಚಾರವೂ ಮುಖ್ಯ. ಯಾವ ಓಣಿಯಲ್ಲಿ ಯಾರ ಕಾವಲಿದೆ ಎಂದು ತಿಳಿದವರು ಅವರು. 2021ರಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಹಲವು ದೇಶಗಳು ಅಂಥವರನ್ನು ಹಿಂದೆ ಬಿಟ್ಟು ಹೊರಟವು. ಅದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪ್ರಶ್ನೆ: ನನ್ನ ಮಗಳು ಯುಪಿಎಸ್‌ಸಿ ಬರೆಯುತ್ತಿದ್ದಾಳೆ. ವಿದೇಶಾಂಗ ಸೇವೆ ಸಿಕ್ಕರೆ ಅಪಾಯದ ದೇಶಗಳಿಗೇ ಹೋಗುತ್ತೇನೆ ಎನ್ನುತ್ತಾಳೆ. ಅವಳಿಗೆ ಏನು ಹೇಳಲಿ?
— ತಾಯಿಯೊಬ್ಬರು, ಚೆಂಬೂರು

ಉತ್ತರ: ಅಮ್ಮಾ, ಅಪಾಯ ನಿಜ. 2008ರ ಜುಲೈ 7ರಂದು ಕಾಬೂಲ್‌ನ ನಮ್ಮ ರಾಯಭಾರ ಕಚೇರಿಯ ಬಾಗಿಲಲ್ಲಿ ನಡೆದ ಸ್ಫೋಟದಲ್ಲಿ ವಿದೇಶಾಂಗ ಸೇವೆಯ ವಿ. ವೆಂಕಟೇಶ್ವರ ರಾವ್ ಮತ್ತು ಬ್ರಿಗೇಡಿಯರ್ ರವಿ ದತ್ ಮೆಹ್ತಾ ಪ್ರಾಣ ಕಳೆದುಕೊಂಡರು. ಅಂಥ ಠಾಣೆಗಳಿಗೆ ಕುಟುಂಬವನ್ನು ಕರೆದೊಯ್ಯುವಂತಿಲ್ಲ ಎಂಬುದೂ ಅವಳಿಗೆ ಈಗಲೇ ಗೊತ್ತಿರಲಿ. ಇಷ್ಟು ತಿಳಿದೂ ಅವಳ ಮನಸ್ಸು ಬದಲಾಗದಿದ್ದರೆ ತಡೆಯಬೇಡಿ. ಸೇವೆಗೆ ಸೇರಿದ ಪ್ರತಿಯೊಬ್ಬರೂ ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಕಲಿಯಬೇಕು. ಅದನ್ನು ಸೂಚಿಸುವ ಸಮಯ ಬಂದಾಗ ಫ್ರೆಂಚ್, ಸ್ಪ್ಯಾನಿಷ್‌ಗಳ ಆಕರ್ಷಣೆ ಬಿಟ್ಟು ಅರಬ್ಬಿಯನ್ನೋ ಪಾರಸಿಯನ್ನೋ ಕೇಳಿಕೊಳ್ಳಲು ಹೇಳಿ.