ಜತ್ತದ ಹೊಲಕ್ಕೆ ಏನು ಹಾಕಬೇಕು

ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ದಾಳಿಂಬೆ ತಂದ ರೈತರು ತಮ್ಮತಮ್ಮಲ್ಲಿ ಕನ್ನಡ ಮಾತನಾಡುವುದನ್ನು ಕೇಳಿ ನಿಮಗೆ ಆಶ್ಚರ್ಯವಾಯಿತೆಂದೂ, ಅವರ ಊರಿಗೆ ಬೇಸಿಗೆಯಲ್ಲಿ ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆಂದು ತಿಳಿದಾಗ ಆ ಆಶ್ಚರ್ಯ ಇಮ್ಮಡಿಯಾಯಿತೆಂದೂ ಹೇಳಿದಿರಿ. ನೀರಿಲ್ಲದ ಸೀಮೆಯವರು ಜೋಳ, ಸಜ್ಜೆ ಬಿಟ್ಟು ಹಣ್ಣಿನ ತೋಟಕ್ಕೆ ಏಕೆ ಕೈಹಾಕುತ್ತಾರೆ ಎಂಬುದು ನಿಮ್ಮ ಪ್ರಶ್ನೆ. ನಾನು ಅದೇ ಸೀಮೆಯವನು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿದ ಜತ್ತ ತಾಲೂಕಿನ ಪೂರ್ವಕ್ಕೆ, ಸಂಖ, ಉಮದಿ ಕಡೆ ನಮ್ಮೂರು. ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ನಮ್ಮ ಒಂಬತ್ತು ಎಕರೆಗೆ ಏನು ಹಾಕಬೇಕೆಂಬ ಪ್ರತಿ ವರ್ಷದ ಮಾತುಕತೆಯಲ್ಲಿ ನಾನೂ ಕೂರುತ್ತೇನೆ.

ಮೊದಲು ಹಳೆಯ ಪದ್ಧತಿಯನ್ನು ತಿಳಿಯಬೇಕು. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಸಹ್ಯಾದ್ರಿಯನ್ನು ದಾಟಿ ನಮ್ಮ ತಾಲೂಕಿಗೆ ಬರುವ ಹೊತ್ತಿಗೆ 500ರ ಆಸುಪಾಸಿಗೆ ಇಳಿದಿರುತ್ತದೆ, ಅದರಲ್ಲಿಯೂ ನಂಬಿಕೆಯ ಮಳೆಯೆಂದರೆ ಸೆಪ್ಟೆಂಬರ್–ಅಕ್ಟೋಬರಿನದು. ಆದ್ದರಿಂದ ಎರೆ ಹೊಲವನ್ನು ಮುಂಗಾರಿಯಲ್ಲಿ ಬರಿದಾಗಿಟ್ಟು, ಮತ್ತೆ ಮತ್ತೆ ಹರಗಿ, ಬಿದ್ದ ನೀರನ್ನೆಲ್ಲ ಮಣ್ಣಿಗೆ ಕುಡಿಸಿ, ಉತ್ತರಿ ಅಥವಾ ಹಸ್ತಿ ಮಳೆಯ ಹದ ನೋಡಿ ಹಿಂಗಾರಿ ಬಿಳಿಜೋಳವನ್ನು ಬಿತ್ತುತ್ತಿದ್ದರು. ಮಡ್ಡಿ ಜಮೀನಿಗೆ ಜೂನಿನ ಮಿರಗದ (ಮೃಗಶಿರಾ) ಮಳೆಯಲ್ಲಿ ಸಜ್ಜೆ, ನಡುನಡುವೆ ತೊಗರಿಯ ಅಕ್ಕಡಿ. ಏನೂ ಬೆಳೆಯದ ಕಡೆ ಕುರಿ. ಮಾಡಗ್ಯಾಳದ ಕುರಿತಳಿ ನಮ್ಮ ತಾಲೂಕಿನದೇ. ಈ ಪದ್ಧತಿಯ ದೊಡ್ಡ ಗುಣವೇನೆಂದರೆ ರೈತನು ಕೊನೆಯ ಮಾತನ್ನು ಸೆಪ್ಟೆಂಬರಿನವರೆಗೂ ತನ್ನ ಕೈಯಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಮಳೆ ಕೈಕೊಟ್ಟರೆ ಬೀಜವಾದರೂ ಮನೆಯಲ್ಲಿ ಉಳಿಯುತ್ತಿತ್ತು.

ದಾಳಿಂಬೆಯನ್ನು ದುರಾಸೆಯ ಬೆಳೆಯೆಂದು ತಿಳಿಯಬೇಡಿ. ಅದು ಬರಗಾಲಕ್ಕೆ ಹೆದರಿದವರು ಆರಿಸಿಕೊಂಡ ಗಿಡ. ಅದಕ್ಕೆ ಹೂ ಬಿಡಿಸಬೇಕಾದರೆ ಕೆಲವು ವಾರ ನೀರು ನಿಲ್ಲಿಸಿ ಗಿಡವನ್ನು ‘ತಾಣ’ಕ್ಕೆ, ಅಂದರೆ ನೀರಡಿಕೆಯ ಒತ್ತಡಕ್ಕೆ, ಬಿಡಬೇಕು, ಎಲೆ ಉದುರಿದ ಮೇಲೆ ನೀರು ಕೊಟ್ಟರೆ ಮೊಗ್ಗು ಬರುತ್ತದೆ. ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರ ಎಂಬ ಮೂರು ಹೂ ಬಿಡಿಸುವ ಹಂಗಾಮುಗಳಲ್ಲಿ ತನ್ನ ಬಾವಿಯಲ್ಲಿ ಯಾವಾಗ ನೀರಿರುತ್ತದೆಯೋ ಅದನ್ನು ರೈತನು ಹಿಡಿಯಬಹುದು. ಡ್ರಿಪ್ ಹಾಕಿ, ಪ್ಲಾಸ್ಟಿಕ್ ಹಾಸಿದ ಶೇತತಳೆಯಲ್ಲಿ (ಕೃಷಿ ಹೊಂಡದಲ್ಲಿ) ನೀರು ಕೂಡಿಟ್ಟರೆ ಎರಡು ಎಕರೆ ತೋಟ ಬದುಕುತ್ತದೆ, ಮತ್ತು ಅದೇ ನೀರನ್ನು ಜೋಳಕ್ಕೆ ಕೊಟ್ಟರೆ ಬೋರು ಕೊರೆಸಿದ ಸಾಲದ ಬಡ್ಡಿ ಕೂಡ ಹುಟ್ಟುವುದಿಲ್ಲ. ಒಣ ಗಾಳಿ ಮತ್ತು ಬಿಸಿಲು ಅದಕ್ಕೆ ಹಿತ. ನಮ್ಮಲ್ಲಿ ಹೇರಳವಾಗಿದ್ದುದು ಅವೆರಡೇ.

ಹವಾಮಾನ ಬದಲಾಗಿದೆ ಎಂದಾಗ ಹೊರಗಿನವರು ಮಳೆ ಕಡಿಮೆಯಾಗಿದೆ ಎಂದಷ್ಟೇ ಅರ್ಥಮಾಡಿಕೊಳ್ಳುತ್ತಾರೆ. ನಮ್ಮನ್ನು ಕೆಡಿಸಿದ್ದು ಬಾರದ ಮಳೆ ಮಾತ್ರವಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಳೆ. ಹಣ್ಣು ತುಂಬುವ ಹೊತ್ತಿಗೆ ನಾಲ್ಕು ದಿನ ಮೋಡ ಕವಿದು ಜಿಟಿಜಿಟಿ ಹಿಡಿದರೆ ತೇಲ್ಯಾ ರೋಗ ಬಂದು, ಸಿಪ್ಪೆಯ ಮೇಲೆ ಎಣ್ಣೆಯಂಥ ಕಲೆ ಬಿದ್ದು, ಕಾಯಿ ಸೀಳುತ್ತದೆ. ನನ್ನ ದೊಡ್ಡಪ್ಪ ಹನ್ನೊಂದು ವರ್ಷ ಮಗುವಿನಂತೆ ಸಾಕಿದ ಗಿಡಗಳನ್ನು ಹೀಗೆಯೇ ಜೇಸಿಬಿ ತರಿಸಿ ಕೀಳಿಸಿದರು. ಬರಕ್ಕೆಂದು ಹಚ್ಚಿದ ತೋಟವನ್ನು ಮಳೆಗೆ ಹೆದರಿ ಕಿತ್ತ ಆ ದಿನ ಅವರು ಊಟ ಮಾಡಲಿಲ್ಲ.

ದ್ರಾಕ್ಷಿಯದೂ ಅದೇ ಪಾಡು. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಸಲ ಛಾಟಣಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ: ಏಪ್ರಿಲಿನದು ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರಿನದು ಹಣ್ಣಿಗೆ. 2019ರ ಅಕ್ಟೋಬರ್–ನವೆಂಬರಿನಲ್ಲಿ ಮಳೆ ಬಿಡದೆ ಸುರಿದಾಗ ಗೊಂಚಲು ಹೂವಿನಲ್ಲಿಯೇ ಕೊಳೆಯಿತು. 2025ರ ಮೇ ತಿಂಗಳ ಮಳೆಯ ಪೆಟ್ಟು ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಏಪ್ರಿಲ್ ಛಾಟಣಿಯಾದ ಒಂದೂವರೆ, ಎರಡು ತಿಂಗಳಿಗೆ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊಂಚಲು ರೂಪುಗೊಳ್ಳುತ್ತದೆ, ಅದಕ್ಕೆ ಬಿಸಿಲು ಬೇಕು. ಆಗ ಮೋಡ ಮುಚ್ಚಿದರೆ ಅಕ್ಟೋಬರಿನಲ್ಲಿ ಎಷ್ಟು ಖರ್ಚು ಮಾಡಿದರೂ ಬಳ್ಳಿಯಲ್ಲಿ ಎಲೆಯೇ ಬರುತ್ತದೆ. ಪುಣೆಯ ಹತ್ತಿರ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ಶಿವಾಜಿನಗರದ ಹವಾಮಾನ ಕಚೇರಿಯಲ್ಲಿ ಕೃಷಿ ಹವಾಮಾನ ವಿಭಾಗ 1932ರಿಂದ ಕೆಲಸ ಮಾಡುತ್ತಿದೆ. ಅವರ ಮುನ್ಸೂಚನೆಯನ್ನು ನನ್ನ ತಮ್ಮ ಮೊಬೈಲಿನಲ್ಲಿ ತಪ್ಪದೆ ನೋಡುತ್ತಾನೆ. ಅದರಿಂದ ಇಂದು ಔಷಧಿ ಹೊಡೆಯಬೇಕೇ, ನಾಳೆ ಹೊಡೆಯಬೇಕೇ ಎಂಬುದು ತಿಳಿಯುತ್ತದೆ. ಹದಿನೈದು ವರ್ಷ ನಿಲ್ಲುವ ಬಳ್ಳಿಯನ್ನು ಹಚ್ಚಬೇಕೇ ಎಂಬುದು ತಿಳಿಯುವುದಿಲ್ಲ.

ಹಾಗಾದರೆ ಜೋಳಕ್ಕೆ ಮರಳಬಹುದಲ್ಲ ಎಂದು ನೀವು ಕೇಳಿದಿರಿ. ಜೋಳ ಕೀಳುವವರು ಯಾರು? ನಮ್ಮಲ್ಲಿ ಅದನ್ನು ಬುಡಸಮೇತ ಕೈಯಿಂದಲೇ ಕೀಳುವುದು ವಾಡಿಕೆ, ಆ ಕೆಲಸ ಫೆಬ್ರುವರಿಯಲ್ಲಿ ಬರುತ್ತದೆ. ಆಗ ಊರಿನ ಅರ್ಧ ಜನ ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೋಗಿರುತ್ತಾರೆ. ಎತ್ತುಗಳಿದ್ದಾಗ ಕಣಿಕೆಯ (ಮೇವಿನ ದಂಟಿನ) ಸಲುವಾಗಿಯಾದರೂ ಜೋಳ ಬೇಕಿತ್ತು, ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಸೆಪ್ಟೆಂಬರಿನ ಮಳೆ ಒಮ್ಮೆಲೇ ಸುರಿದರೆ ಎರೆ ಹೊಲ ವಾರಗಟ್ಟಲೆ ಹದಕ್ಕೆ ಬರುವುದಿಲ್ಲ, ಬಿತ್ತನೆಯ ಹೊತ್ತು ಮೀರಿ ಹೋಗುತ್ತದೆ. ಹೀಗಾಗಿ ಮನೆಯಲ್ಲಿ ದುಡಿಯುವವರು ಎಷ್ಟು ಜನ ಉಳಿಯುತ್ತಾರೆ ಎಂಬ ಲೆಕ್ಕವೂ ಮಳೆಯ ಲೆಕ್ಕದಷ್ಟೇ ದೊಡ್ಡದು. ಕಬ್ಬು ಕಡಿಯಲು ಹೋಗುವ ಕುಟುಂಬಗಳು ತೊಗರಿ ಬಿತ್ತಿ ಮುದುಕರಿಗೆ ಒಪ್ಪಿಸಿ ಹೋಗುತ್ತವೆ.

ಇನ್ನು ಕಾಲುವೆಯ ಮಾತು. ಕೃಷ್ಣೆಯ ನೀರನ್ನು ಎತ್ತುವ ಮ್ಹೈಸಾಳ ಯೋಜನೆಯ ನೀರಿಗಾಗಿ ನಮ್ಮ ಪೂರ್ವ ಭಾಗ ದಶಕಗಳಿಂದ ಕಾದಿದೆ. ಗಡಿಯ ಆಚೆ ವಿಜಯಪುರ ಜಿಲ್ಲೆಯಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಹರಿಯುವುದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. 2022ರಲ್ಲಿ ನಮ್ಮ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತು ಮತ್ತೆ ಎದ್ದಾಗ ಪತ್ರಿಕೆಗಳು ಅದನ್ನು ಭಾಷೆಯ ಜಗಳವೆಂದು ಬರೆದವು, ನಮ್ಮ ಓಣಿಯಲ್ಲಿ ಅದು ನೀರಿನ ಮಾತಾಗಿತ್ತು. ಕಾಲುವೆ ಬರುತ್ತದೆ ಎಂಬ ಸುದ್ದಿಯಿಂದಲೇ ಹಲವರು ಹೊಸ ತೋಟ ಹಚ್ಚುವುದನ್ನು ತಡೆದಿದ್ದಾರೆ, ಬಂದರೆ ಕಬ್ಬು ಹಾಕುವುದು ನಿಶ್ಚಯ. ಅಕಾಲ ಮಳೆಯನ್ನು ಕಬ್ಬು ತಾಳಿಕೊಳ್ಳುತ್ತದೆ, ಅದಕ್ಕೆ ಕೇಂದ್ರ ಸರಕಾರ ನಿಗದಿ ಮಾಡಿದ ದರವಿದೆ, ಏಟು ತಿಂದ ರೈತನಿಗೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇರಾವ ಬೆಳೆಯೂ ಕೊಡುವುದಿಲ್ಲ. ಆದರೂ ನೂರಾರು ಹಳ್ಳಿ ಕಾದು ಪಡೆಯುವ ನೀರನ್ನು ಹನ್ನೆರಡರಿಂದ ಹದಿನೆಂಟು ತಿಂಗಳು ನಿಲ್ಲುವ ಒಂದೇ ಬೆಳೆ ಕುಡಿದುಬಿಡುವುದು ತಪ್ಪೆಂದೇ ನಾನು ಮನೆಯಲ್ಲಿ ವಾದಿಸುತ್ತೇನೆ.

ಮೊನ್ನೆ ತಮ್ಮ ಫೋನ್ ಮಾಡಿದ್ದ. ದಾಳಿಂಬೆ ಕಿತ್ತ ಎರಡು ಎಕರೆ ಖಾಲಿಯಿದೆ. ಅವನಿಗೆ ಮತ್ತೆ ದ್ರಾಕ್ಷಿ ಬೇಕು, ಅವ್ವನಿಗೆ ರೊಟ್ಟಿಯ ಜೋಳ ಬೇಕು, ದೊಡ್ಡಪ್ಪ ಏನನ್ನೂ ಹೇಳುತ್ತಿಲ್ಲ. ಹೊಲವನ್ನು ಹರಗಿ ಹಾಗೆಯೇ ಬಿಟ್ಟಿರು, ಉತ್ತರಿ ಮಳೆ ಹೇಗೆ ಬರುತ್ತದೆಯೋ ನೋಡಿ ಹೇಳೋಣ ಎಂದು ತಿಳಿಸಿದ್ದೇನೆ.